ನಿಂಗತ್ತೆಯ ತೊಡೆಗೆ ಹಾಕಿದ ತೂಬು

ಸೊಂಟದ ಸವೆದ ಕೀಲನ್ನು ತೆಗೆದು, ಆ ಜಾಗಕ್ಕೆ ಹೊಸದೊಂದನ್ನು ಕೂರಿಸಿದ ದಿನ ಸಂಜೆ ಮನುಷ್ಯರು ಏನು ಮಾಡುತ್ತಾರೆ? ನರಳುತ್ತಾರೆ. ದೇವರನ್ನು ಕರೆಯುತ್ತಾರೆ. ಪಕ್ಕದಲ್ಲಿ ಕೂತವರ ಪ್ರಾಣ ತಿನ್ನುತ್ತಾರೆ.

ನಮ್ಮ ನಿಂಗತ್ತೆ ನಕ್ಕಳು.

ಸಣ್ಣದಾಗಿ ಅಲ್ಲ, ಡ್ಯೂಟಿಯಲ್ಲಿದ್ದ ಸಿಸ್ಟರ್ ಬಾಗಿಲು ತೆರೆದು ಇಣುಕುವಷ್ಟು ಜೋರಾಗಿ. ಅವಳ ಮಗ ಮಂಜ ಕೈಯಲ್ಲಿದ್ದ ಕಿತ್ತಳೆ ಹಣ್ಣನ್ನು ಅರ್ಧ ಸುಲಿದು ಹಾಗೇ ಹಿಡಿದುಕೊಂಡು ಕೂತುಬಿಟ್ಟ. ನಾನು ಅವನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಇಬ್ಬರಿಗೂ ಒಂದೇ ಅನುಮಾನ. ಇದು ನಮ್ಮ ನಿಂಗತ್ತೆಯೇ, ಅಥವಾ ಥಿಯೇಟರಿನಿಂದ ಬೇರೆ ಯಾರನ್ನಾದರೂ ತಂದು ಮಲಗಿಸಿದ್ದಾರೆಯೇ?

ನಿಮಗೆ ನಮ್ಮ ನಿಂಗತ್ತೆ ಗೊತ್ತಿಲ್ಲ, ಹಾಗಾಗಿ ಇದರಲ್ಲಿ ಗಾಬರಿಯಾಗುವಂಥದ್ದು ಏನಿದೆ ಅನ್ನಿಸಬಹುದು. ಹೇಳುತ್ತೇನೆ ಕೇಳಿ. ನಿಂಗತ್ತೆ ನಮ್ಮಪ್ಪನ ಕಡೇ ತಂಗಿ. ಅರಕಲಗೂಡಿನಿಂದ ಆಚೆ ಒಂದು ಹಳ್ಳಿಗೆ ಕೊಟ್ಟಿದ್ದು. ಹೊಗೆಸೊಪ್ಪು, ಶುಂಠಿ, ಎರಡು ಹಸು, ಒಬ್ಬ ಮಗ, ಒಬ್ಬಳು ಸೊಸೆ. ಎಲ್ಲವೂ ಇತ್ತು. ಆದರೆ ನಮ್ಮ ಕುಟುಂಬದಲ್ಲಿ ಸಿಡುಕು ಅನ್ನುವುದಕ್ಕೆ ಇನ್ನೊಂದು ಹೆಸರು ನಿಂಗತ್ತೆ.

ಮದುವೆಗೆ ಬಂದರೆ ಬಾಗಿಲ ಪಕ್ಕದ ಕುರ್ಚಿಯೇ ಬೇಕು. ಪಂಕ್ತಿಗೆ ಕಾಯುವುದಿಲ್ಲ, ಸಾರು ಚೆನ್ನಾಗಿಲ್ಲ ಅಂತ ಬೈದು ಎದ್ದು ಹೊರಡುತ್ತಾಳೆ (ಸಾರಿನ ರುಚಿ ನೋಡಿರುವುದೇ ಇಲ್ಲ). ಪೂಜೆಗೆ ಕರೆದರೆ ನೆಲದ ಮೇಲೆ ಕೂರುವುದಿಲ್ಲ. ಹಬ್ಬದ ದಿನ ಮಕ್ಕಳು ಕಾಲಿಗೆ ಬೀಳಲು ಬಂದರೆ "ಸಾಕ್ ಎದ್ದೇಳ್ರಿ ಅತ್ಲಾಗೆ" ಅಂತ ಗದರುತ್ತಾಳೆ. ಮಾವ ತೀರಿಕೊಂಡ ಮೇಲೆ ಹೀಗಾದಳು ಅಂತ ಕೆಲವರು. ಮೊದಲಿಂದಲೂ ಹೀಗೇ ಅಂತ ಇನ್ನು ಕೆಲವರು. ಸುಮ್ಮನೆ ಬಿಡು, ಅದರ ಸ್ವಭಾವವೇ ಅಷ್ಟು ಅಂತ ಎಲ್ಲರೂ.

ಅವಳ ದಿನನಿತ್ಯದ ಸಿಡುಕಿನ ಪೂರ್ತಿ ಪಾಲು ಸಿಗುತ್ತಿದ್ದುದು ಜವರಮ್ಮನಿಗೆ. ಜವರಮ್ಮ ಅತ್ತೆಯ ವಾರಗಿತ್ತಿ, ಮೈದುನನ ಹೆಂಡತಿ. ಎರಡು ಮನೆಗೂ ಒಂದೇ ನಡುಗೋಡೆ, ಬಾಗಿಲ ಮುಂದೆ ಒಂದೇ ನಲ್ಲಿ. ಜವರಮ್ಮ ಕೊಡ ತುಂಬಿಸುವುದು, ತುಂಬಿದ ಕೊಡವನ್ನು ದಾರಿಗಡ್ಡ ಅಲ್ಲೇ ಬಿಟ್ಟು ಒಳಗೆ ಹೋಗುವುದು. ಎಷ್ಟೋ ಹೊತ್ತಿಗೆ ಅವರ ಮೊಮ್ಮಗಳು ಬಂದು ಎತ್ತಿಕೊಂಡು ಹೋಗುತ್ತಿದ್ದಳು. ಅಷ್ಟರಲ್ಲಿ ನಿಂಗತ್ತೆ ಜಗಲಿಯ ಮೇಲಿಂದ ಶುರು. "ದಾರಿ ಏನ್ ಅವರಪ್ಪಂದಾ? ಎತ್ತಿಟ್ರೆ ಕೈ ಸವೆದೋಯ್ತದಾ?" ಅತ್ತಲಿಂದಲೂ ಅಷ್ಟೇ ಜೋರು: "ಕಣ್ಣಿಲ್ವಾ, ವಸಿ ಸುತ್ಕಂಡ್ ಓಗಕ್ಕಾಗಕಿಲ್ವಾ?" ಬೆಳಗ್ಗೆ ಈ ಜಗಳ ಕೇಳಿಸಿದರೆ ಬೀದಿಯವರು ಸ್ಕೂಲ್ ವ್ಯಾನಿಗೆ ಮಕ್ಕಳನ್ನು ಹೊರಡಿಸುತ್ತಿದ್ದರಂತೆ, ಅಷ್ಟು ಸರಿಯಾದ ಟೈಮು.

ಇಂಥ ನಿಂಗತ್ತೆ ಒಂದು ದಿನ ಅರಕಲಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಆಟೋದಿಂದ ಇಳಿಯಲು ಆಗದೆ ಹಾಗೇ ಕೂತುಬಿಟ್ಟಳು. ಮಂಜ ಅದೇ ಆಟೋ ತಿರುಗಿಸಿಕೊಂಡು ಆಸ್ಪತ್ರೆಗೆ ಹೋದ, ಅಲ್ಲಿಂದ ಹಾಸನಕ್ಕೆ ಬಂದ, ಹಾಸನದಲ್ಲಿ ನಾನಿದ್ದೇನೆ. ಮೂಳೆ ಡಾಕ್ಟರು ಎಕ್ಸ್‌ರೇ ಹಿಡಿದು ನೋಡಿ, ಎಷ್ಟು ವರ್ಷದಿಂದ ನೋವಿದೆ ಅಂತ ಕೇಳಿದರು. ಅತ್ತೆ ಹೇಳಿದ್ದು: "ನೋವೇನಿಲ್ಲ ಸಾ. ಒಂದೊಂದ್ಸಲ ವಸಿ ಇಡ್ಕಂಡಂಗಾಯ್ತದೆ."

ಡಾಕ್ಟರು ಎಕ್ಸ್‌ರೇಯನ್ನು ನಮ್ಮ ಕಡೆ ತಿರುಗಿಸಿದರು. ಎಡಗಡೆಯ ಕೀಲು ಗುಂಡಗಿತ್ತು. ಬಲಗಡೆಯದು ಸವೆದು, ಚಪ್ಪಟೆಯಾಗಿ, ಮೂಳೆಗೆ ಮೂಳೆ ಉಜ್ಜಿಕೊಂಡಿತ್ತು. ಇದು ನಿನ್ನೆ ಮೊನ್ನೆಯದಲ್ಲ, ವರ್ಷಗಟ್ಟಲೆ ಉಜ್ಜಿರಬೇಕು ಅಂದರು. ವರ್ಷಗಟ್ಟಲೆ! ಒಂದೇ ಸೂರಿನ ಕೆಳಗಿದ್ದ ಮಂಜನಿಗೆ ಅವತ್ತೇ ಗೊತ್ತಾಗಿದ್ದು. ಕೀಲು ಬದಲಾಯಿಸಲೇಬೇಕು ಅಂತಾಯಿತು. ಅತ್ತೆ ಒಂದೇ ಮಾತು ಹೇಳಿದಳು: "ನನ್ ಕಾಲ್ ಮ್ಯಾಲೆ ನಾನು ಡೈರಿಗೋಗಿ ಹಾಲಾಕ್ ಬರಂಗಾಗ್ಬೇಕು. ಅಂಗಾಗದಿದ್ರೆ ಕುಯ್ಯಾದೇ ಬ್ಯಾಡ."

ಕುಯ್ಯುವುದು ನನ್ನ ಕೆಲಸ, ನಡೆಯುವುದು ನಿಮ್ಮ ಕೆಲಸ ಅಂದರು ಡಾಕ್ಟರು. ಮಾರನೇ ದಿನವೇ ಎದ್ದು ನಿಲ್ಲಬೇಕು. ಹೆದರಿಕೊಂಡು ಮಲಗಿಬಿಟ್ಟರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಬಹುದು, ಎದೆಯಲ್ಲಿ ಕಫ ಕಟ್ಟಬಹುದು, ಹೊಸ ಕೀಲು ಇದ್ದೂ ಪ್ರಯೋಜನವಾಗದೆ ಹೋಗಬಹುದು. ನೋವಿದ್ದರೆ ಯಾರೂ ಏಳುವುದಿಲ್ಲ. ಅದಕ್ಕೇ ನೋವಿಗೆ ಒಂದು ಬ್ಲಾಕ್ ಕೊಡುತ್ತೇವೆ ಅಂದರು.

ಬ್ಲಾಕ್! ನನ್ನ ಕಿವಿ ನೆಟ್ಟಗಾಯಿತು. ವಾಟ್ಸಾಪಿನಲ್ಲಿ ಸಂಬಂಧಿಕರನ್ನು ಬ್ಲಾಕ್ ಮಾಡುವುದು ಗೊತ್ತಿತ್ತು. ನೋವನ್ನು ಬ್ಲಾಕ್ ಮಾಡುವುದು ಹೇಗೆ?

ಮತ್ತಿನ ಇಂಜೆಕ್ಷನ್ ಕೊಡುವ ಡಾಕ್ಟರು ಆಪರೇಶನ್ನಿನ ಹಿಂದಿನ ದಿನ ನೋಡಲು ಬಂದಾಗ ಬಿಡಲೇ ಇಲ್ಲ ನಾನು. (ಕನ್ನಡದಲ್ಲಿ ಅವರಿಗೆ ಅರಿವಳಿಕೆ ತಜ್ಞೆ ಅನ್ನುವ ಚೆಂದದ ಹೆಸರಿದೆ. ಯಾರೂ ಬಳಸುವುದಿಲ್ಲ.) ಚನ್ನರಾಯಪಟ್ಟಣದ ಕಡೆಯ ಹುಡುಗಿ, ಮೂವತ್ತು ದಾಟಿರಬಹುದು, ಪ್ರಶ್ನೆ ಕೇಳಿದರೆ ಮುಖ ಗಂಟು ಹಾಕಿಕೊಳ್ಳದ ಅಪರೂಪದ ಡಾಕ್ಟರು. ಆಪರೇಶನ್ನಿಗೆ ಬೆನ್ನಿಗೆ ಕೊಡುವ ಇಂಜೆಕ್ಷನ್ ಬೇರೆ, ಅದು ಕೆಲವು ಗಂಟೆಗಳಲ್ಲಿ ಇಳಿದುಹೋಗುತ್ತದೆ. ಈ ಬ್ಲಾಕ್ ಆಮೇಲಿನ ನೋವಿಗೆ. ತೊಡೆಸಂದಿಯ ಹತ್ತಿರ ಸ್ಕ್ಯಾನಿಂಗ್ ಮೆಷಿನ್ ಇಟ್ಟು, ಸ್ಕ್ರೀನಿನಲ್ಲಿ ನೋಡಿಕೊಂಡು, ನರಗಳ ಸುತ್ತ ಮರಗಟ್ಟಿಸುವ ಔಷಧಿ ಬಿಡುತ್ತೇವೆ ಅಂತ ವಿವರಿಸಿದರು. ಸ್ಕ್ಯಾನಿಂಗ್ ಅಂದ ಕೂಡಲೇ ಅತ್ತೆ ಸಿಡುಕಿದಳು. "ನಂಗೇನ್ ಬಸ್ರಾ?"

"ಹಾಗಾದರೆ ನೋವು ಎಲ್ಲಿಗೆ ಹೋಗುತ್ತೆ ಡಾಕ್ಟ್ರೇ?" ಅಂದೆ.

"ಎಲ್ಲಿಗೂ ಹೋಗಲ್ಲ. ಕೆರೆಯಲ್ಲಿ ನೀರಿರುತ್ತೆ, ತೂಬಿನ ಬಾಗಿಲು ಹಾಕಿದರೆ ಗದ್ದೆಗೆ ಬರಲ್ಲ. ಹಾಗೇ. ಸೊಂಟದಲ್ಲಿ ಆಗೋದು ಆಗ್ತಾನೇ ಇರುತ್ತೆ, ತಲೆಗೆ ಸುದ್ದಿ ಮುಟ್ಟಲ್ಲ."

ಸುದ್ದಿ ಮುಟ್ಟದಿದ್ದರೆ ಅದು ನೋವು ಹೌದೋ ಅಲ್ಲವೋ? ಯಾರಿಗೂ ತಿಳಿಯದ ನೋವು ನೋವೇ? ಹಾಗಂತ ಕೇಳಿಯೂಬಿಟ್ಟೆ. ನೀವು ಪೇಪರಿಗೆ ಬರೆಯುತ್ತೀರಾ ಅಂತ ನಕ್ಕರು.

ನಗು ನಿಲ್ಲಿಸಿ ಎರಡು ಮಾತು ಖಡಕ್ಕಾಗಿ ಹೇಳಿದರು. ಒಂದು, ತೊಡೆಯ ಮೇಲೆ ಸ್ವಾಧೀನ ಕಡಿಮೆ ಇರುತ್ತದೆ, ನೋವಿಲ್ಲ ಅಂತ ಒಬ್ಬರೇ ಇಳಿಯಬಾರದು, ಕಾಲು ಕುಸಿಯುತ್ತದೆ. ಇನ್ನೊಂದು, ತೂಬು ಮಾರನೇ ದಿನದ ಹೊತ್ತಿಗೆ ತಾನಾಗಿ ತೆರೆದುಕೊಳ್ಳುತ್ತದೆ. ತೆರೆದಾಗ ನೋವು ಒಟ್ಟಿಗೇ ನುಗ್ಗುತ್ತದೆ. ಅದಕ್ಕೆ ಮೊದಲೇ ನೋವಿನ ಮಾತ್ರೆ ಹೊಟ್ಟೆಗೆ ಸೇರಿರಬೇಕು. ನೋವಿಲ್ಲ ಅಂತ ಮಾತ್ರೆ ಬಿಡಬೇಡಿ.

ನಾವು ಮೂರೂ ಜನ ತಲೆ ಅಲ್ಲಾಡಿಸಿದೆವು. ಆಸ್ಪತ್ರೆಯಲ್ಲಿ ನಾವೆಲ್ಲ ಚೆನ್ನಾಗಿ ಮಾಡುವ ಕೆಲಸ ಅದೊಂದೇ ತಾನೆ?

ಈಗ ಆ ಸಂಜೆಗೆ ಬನ್ನಿ. ಆಪರೇಶನ್ ಸಲೀಸಾಗಿ ಮುಗಿದಿತ್ತು. ಅತ್ತೆಯ ಹಣೆಯ ಮೇಲೆ ಯಾವಾಗಲೂ ಇರುತ್ತಿದ್ದ ಗಂಟು ಕಾಣಲಿಲ್ಲ. ಮಂಜ ಕಿತ್ತಳೆ ಸುಲಿಯುವ ರೀತಿ ನೋಡಿ, ನಿಮ್ಮಪ್ಪನೂ ಹೀಗೇ ಹಣ್ಣಿಗಿಂತ ಸಿಪ್ಪೆಯನ್ನೇ ಜೋಪಾನ ಮಾಡುತ್ತಿದ್ದ ಅಂತ ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಹೊಸದಾಗಿ ಮದುವೆಯಾಗಿ ಬಂದಾಗ ಅವಳೂ ಜವರಮ್ಮನೂ ರಾಗಿ ಬೀಸಿಸಿಕೊಂಡು ಬರುತ್ತೇವೆ ಅಂತ ತಮ್ಮ ಅತ್ತೆಮ್ಮನಿಗೆ ಹೇಳಿ, ಅರಕಲಗೂಡಿಗೆ ಹೋಗಿ ಟೆಂಟಿನಲ್ಲಿ ಸಿನಿಮಾ ನೋಡಿದ್ದರಂತೆ. ಸಿನಿಮಾದಲ್ಲಿ ಅಳುವುದೇ ಜಾಸ್ತಿ, ಇಬ್ಬರೂ ಅತ್ತೂ ಅತ್ತೂ ಮಿಷನ್ನಿಗೆ ಹೋಗುವುದನ್ನೇ ಮರೆತು ಮನೆಗೆ ಬಂದರಂತೆ. ಅತ್ತೆಮ್ಮ ಚೀಲಕ್ಕೆ ಕೈ ಹಾಕಿದರೆ ಕಾಳು ಕಾಳಾಗಿಯೇ ಇದೆ. ಕರೆಂಟ್ ಇರಲಿಲ್ಲ ಅಂತ ಜವರಮ್ಮ, ಮಿಷನ್ ಕೆಟ್ಟಿತ್ತು ಅಂತ ನಿಂಗತ್ತೆ, ಇಬ್ಬರೂ ಒಟ್ಟಿಗೇ ಹೇಳಿದರಂತೆ.

ಸಿಸ್ಟರ್ ಇಣುಕಿದ್ದು ಆಗಲೇ.

ಮಂಜ ನನ್ನನ್ನು ಮೆಲ್ಲಗೆ ವರಾಂಡಕ್ಕೆ ಕರೆದ. "ಅಕ್ಕ, ಔಷ್ದಿ ಏನಾದ್ರೂ ಅವ್ವನ್ ತಲೆಗ್ ಅತ್ಬುಡ್ತಾ?" ನಲವತ್ತು ದಾಟಿದ ಗಂಡಸು, ಅವ್ವ ನಕ್ಕಳು ಅಂತ ಹೆದರಿದ್ದ.

ರೌಂಡ್ಸಿಗೆ ಬಂದ ಮತ್ತಿನ ಡಾಕ್ಟರನ್ನು ಹಿಡಿದು ಕೇಳಿದೆ. ಅವರು ಅತ್ತೆಯನ್ನು ಮಾತಾಡಿಸಿ, ದಿನ ವಾರ ಕೇಳಿ, ತೊಡೆ ಮುಟ್ಟಿ ನೋಡಿ, ಹೊರಗೆ ಬಂದು ಹೇಳಿದ ಮಾತು ನನ್ನ ತಲೆಯಿಂದ ಇನ್ನೂ ಹೋಗಿಲ್ಲ. "ನಾವು ಹೊಸದಾಗಿ ಏನೂ ಸೇರಿಸಿಲ್ಲ. ನೋವು ತೆಗೆದಿದ್ದೀವಿ, ಅಷ್ಟೇ. ನಿಮ್ಮತ್ತೆ ಮೊದಲು ಹೀಗೇ ಇದ್ದರೇನೋ."

ಮೊದಲು ಅಂದರೆ ಯಾವಾಗ? ಮಂಜನಿಗೆ ನೆನಪಿಲ್ಲದ ಮೊದಲು.

ಬಾಗಿಲ ಪಕ್ಕದ ಕುರ್ಚಿ ನೆನಪಾಯಿತು. ಒಳಗಿನ ತನಕ ನಡೆಯಲು ಆಗುತ್ತಿರಲಿಲ್ಲ. ಪಂಕ್ತಿಗೆ ಕಾಯಲು ನಿಲ್ಲಬೇಕು, ಪೂಜೆಗೆ ಕಾಲು ಮಡಚಬೇಕು. ಕಾಲಿಗೆ ಬೀಳುವ ಮಕ್ಕಳು ಕಾಲು ಎಳೆದಾಡುತ್ತಾರೆ. ಸಾರು ಏನು ತಪ್ಪು ಮಾಡಿತ್ತು ಪಾಪ? ಒಂದು ಕೀಲು ಒಂದು ಹೆಂಗಸಿನ ಸ್ವಭಾವವನ್ನೇ ನಮಗೆಲ್ಲ ತಪ್ಪಾಗಿ ತೋರಿಸಬಹುದೇ? ಹಾಗಾದರೆ ಸ್ವಭಾವ ಅಂತ ನಾವು ಕರೆಯುವುದರಲ್ಲಿ ಎಷ್ಟು ಪಾಲು ಸ್ವಭಾವ, ಎಷ್ಟು ಪಾಲು ಸೊಂಟ?

ಹೀಗೆಲ್ಲ ಯೋಚಿಸುತ್ತಾ ನಾನು ಮುಖ್ಯವಾದದ್ದನ್ನು ಗಮನಿಸಲಿಲ್ಲ. ಸಿಸ್ಟರ್ ಮಾತ್ರೆ ತಂದಾಗಲೆಲ್ಲ ಅತ್ತೆ "ಅಲ್ಲಿಡವ್ವ, ತಗತೀನಿ" ಅನ್ನುತ್ತಿದ್ದಳು. ಕೈ ಬಾಯಿಗೆ ಹೋಗುತ್ತಿತ್ತು, ನೀರು ಇಳಿಯುತ್ತಿತ್ತು. ತಗೊಂಡಳು ಅಂದುಕೊಂಡೆವು.

ಮಾರನೇ ದಿನ ಬೆಳಗ್ಗೆ ಕಾಫಿ ಕುಡಿಯುತ್ತಿದ್ದಾಗ ತೂಬು ತೆರೆಯಿತು.

ಮಾತಾಡುತ್ತಿದ್ದ ಅತ್ತೆ ಅರ್ಧಕ್ಕೇ ನಿಲ್ಲಿಸಿದಳು. ಹಣೆಯ ಗಂಟು ಬಂದು ತನ್ನ ಜಾಗದಲ್ಲಿ ಕೂತಿತು. ಕೂಗಿದಳೇ? ಇಲ್ಲ. ಕಾಫಿ ತಣ್ಣಗಿದೆ ಅಂದಳು. ಫ್ಯಾನಿನ ಸದ್ದು ತಲೆ ತಿನ್ನುತ್ತದೆ ಅಂದಳು. ಮಂಜನ ಕ್ರಾಪು, ನನ್ನ ಸೀರೆಯ ಬಣ್ಣ, ಕಿಟಕಿಯ ಪರದೆ, ಒಂದನ್ನೂ ಬಿಡಲಿಲ್ಲ. ಕೈ ಮಾತ್ರ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು.

ಇದು ಸಿಡುಕಲ್ಲ ಅಂತ ನನಗೆ ಹೊಳೆದದ್ದು ಆಗ. ಇದು ಅವಳ ನರಳಾಟ. ಇಷ್ಟು ವರ್ಷ ನಮ್ಮ ಕಿವಿಗೆ ಬಿದ್ದದ್ದೂ ಅದೇ.

ವಾಕರ್ ಹಿಡಿದು ಬಂದ ಫಿಸಿಯೋಥೆರಪಿಯವರಿಗೆ ಬೈಗುಳದ ಸ್ವಾಗತ ಸಿಕ್ಕಿತು. ನಾನು ಏಳುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಅಂತ ಒಂದೇ ಹಟ. ಮಂಜ ಕೈ ಮುಗಿದು ಬೇಡಿಕೊಂಡ. ಡೈರಿ ನೆನಪಿಸಿದೆ ನಾನು. ಡೈರಿಗೆ ಬೆಂಕಿ ಬೀಳಲಿ ಅಂದಳು. ಎದ್ದು ನಿಲ್ಲದಿದ್ದರೆ ಏನಾಗುತ್ತದೆ ಅಂತ ಡಾಕ್ಟರು ಹೇಳಿದ್ದೆಲ್ಲ ನೆನಪಾಗಿ ನಾನು ಸಿಸ್ಟರನ್ನು ಕರೆಯಲು ಓಡಿದೆ.

ಮತ್ತಿನ ಡಾಕ್ಟರು ಬಂದು ನೋಡಿದರು. ಮಾತ್ರೆ ತಗೊಂಡಿದ್ದರೆ ಇಷ್ಟು ನೋವು ಇರಬಾರದಲ್ಲ ಅಂದರು. ತಗೊಂಡೆ ಅಂದಳು ಅತ್ತೆ. ಅವಳನ್ನು ಸ್ವಲ್ಪ ಮೇಲಕ್ಕೆ ಒರಗಿಸೋಣ ಅಂತ ನಾನು ದಿಂಬು ಎಳೆದೆ. ದಿಂಬಿನ ಜೊತೆ ಅವಳ ಎಲೆಅಡಿಕೆ ಸಂಚಿ ಜಾರಿ ಕೆಳಗೆ ಬಿತ್ತು. ಅದರ ಬಾಯಿಂದ ಮಾತ್ರೆಗಳು ಉರುಳಿದವು. ಹಿಂದಿನ ಸಂಜೆಯಿಂದ ಕೊಟ್ಟಿದ್ದಷ್ಟೂ ಅಲ್ಲೇ ಇದ್ದವು.

ಯಾಕೆ ಅಂತ ನಾನೇ ಕೇಳಿದೆ. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದಳು.

"ನಂಗ್ ನೋವಿರ್ನಿಲ್ಲ. ನೋವಿಲ್ದೋಳು ನುಂಗಿ ಯಾಕ್ ಹಾಳ್ ಮಾಡಾದು? ಜವರಿಗೆ ಇಟ್ಟಿದ್ದೆ."

ಮಂಜ ಯಾವ ಜವರಿ ಅಂತ ಕೇಳಿದ. ನಮಗೆ ಗೊತ್ತಿರುವ ಜವರಿ ಒಬ್ಬಳೇ. ಆದರೂ ಅವನು ಕೇಳಲೇಬೇಕಾಯಿತು.

"ಅವ್ಳ್ಗೂ ಮಂಡಿ ನೋವದೆ ಕಣ್ಲಾ. ಕೊಡ ಎತ್ತಕ್ಕಾಗಕಿಲ್ಲ, ಅದ್ಕೇ ಅಲ್ಲೇ ಬುಟ್ಟೋಯ್ತಾಳೆ. ನಂಗೆ ಸುತ್ಕಂಡ್ ಓಗಕ್ಕಾಗಕಿಲ್ಲ, ಬಯ್ತೀನಿ. ನೆನ್ನೆ ಮನೀಕಂಡಿದ್ದಾಗ ತಲೆಗ್ ಒಳೀತು." ಉಸಿರು ಎಳೆದುಕೊಂಡಳು. "ನೋವ್ ಓದ್ರೆ ನನ್ನಂತೋಳೇ ಇಷ್ಟ್ ಮೆತ್ತಗಾಯ್ತೀನಿ ಅಂದ್ರೆ, ಅವ್ಳೂ ಆಗಾಕಿಲ್ವಾ?"

ನನಗೆ ಅಳು ಬಂತು. ಮುಚ್ಚಿಡುವುದೇನು, ಅತ್ತೇಬಿಟ್ಟೆ. ಊರಿಗೆಲ್ಲ ಸಿಡುಕಿ ಅನ್ನಿಸಿಕೊಂಡವಳು, ಒಂದು ಸಂಜೆ ನೋವಿಲ್ಲದೆ ಮಲಗಿದ್ದಾಗ ಯೋಚಿಸಿದ್ದು ಯಾರ ಬಗ್ಗೆ!

ಡಾಕ್ಟರು ಅಳಲಿಲ್ಲ, ಬೈದರು. ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಕೊಡುವುದು ದಾನವಲ್ಲ, ಅವರ ಹೊಟ್ಟೆಗೆ, ಕಿಡ್ನಿಗೆ ಏನು ಕುತ್ತು ತರುತ್ತದೋ ಗೊತ್ತಿಲ್ಲ, ಅವರನ್ನೇ ಕರೆದುಕೊಂಡು ಬನ್ನಿ, ನೋಡೋಣ ಅಂದರು. (ನಿಜ ಹೇಳಿ, ನಿಮ್ಮ ಮನೆಯ ಡಬ್ಬಿಯಲ್ಲೂ ಯಾರಿಗೋ ಬರೆದುಕೊಟ್ಟ ಮಾತ್ರೆ ಇನ್ಯಾರಿಗೋ ಕಾದು ಕೂತಿದೆ ತಾನೆ?) ಆಮೇಲೆ ಅತ್ತೆಯ ಪಕ್ಕದಲ್ಲಿ ಕೂತು ಕೇಳಿದರು.

"ಅಜ್ಜಿ, ಈಗ ಹೇಳಿ. ನೋಯ್ತಿದೆಯಾ?"

ಅತ್ತೆ ಮಂಜನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಮಗನ ಮುಂದೆ ಹೇಳಬೇಕೋ ಬೇಡವೋ ಅನ್ನುವಂತೆ ತುಟಿ ಕಚ್ಚಿದಳು.

"ನೋಯ್ತದೆ ಕಣವ್ವ. ಬಾಳ ನೋಯ್ತದೆ."

ಮಂಜ ಅವ್ವನ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲಂತೆ. ಕಿಟಕಿಯ ಹತ್ತಿರ ಹೋಗಿ ಪರದೆ ಸರಿಮಾಡಿದ. ಸರಿಯಾಗಿಯೇ ಇತ್ತು ಪರದೆ.

ಡಾಕ್ಟರು ಡ್ರಿಪ್ಪಿಗೆ ನೋವಿನ ಔಷಧಿ ಸೇರಿಸಿದರು. ಇನ್ನೊಂದು ಸಲ ಆ ತೂಬೇ ಹಾಕಿಬಿಡಿ ಅಂತ ಅತ್ತೆ ಕೇಳಿಕೊಂಡಳು. ಹಾಕಬಹುದು, ಆದರೆ ಇವತ್ತು ನಿಲ್ಲಲು ನಿಮ್ಮ ತೊಡೆಗೆ ಶಕ್ತಿ ಬೇಕು, ಇದರಲ್ಲೇ ನೋಡೋಣ ಅಂದರು. ಅವತ್ತಿನಿಂದ ಮಾತ್ರೆ ನುಂಗಿ ಬಾಯಿ ತೆರೆದು ತೋರಿಸಬೇಕು ಅಂತ ಸಿಸ್ಟರ್ ಕಾನೂನು ಮಾಡಿದರು. ಸ್ಕೂಲ್ ಮಕ್ಕಳಂಗೆ ಆಡಿಸುತ್ತಾರೆ ಅಂತ ಅತ್ತೆ ಬೈದುಕೊಂಡೇ ಬಾಯಿ ತೆರೆದಳು.

ಮಧ್ಯಾಹ್ನ ಊಟದ ಮೇಲೆ ವಾಕರ್ ಮತ್ತೆ ಬಂತು. ನೋವು ಹೋಗಿರಲಿಲ್ಲ, ತಡೆದುಕೊಳ್ಳುವಷ್ಟಾಗಿತ್ತು. ನೋವಾದರೆ ಹೇಳಿ, ನಿಲ್ಲಿಸುತ್ತೇನೆ ಅಂದರು ಫಿಸಿಯೋದವರು. ಅತ್ತೆ ಎದ್ದಳು. ಒಂದು ಕೈ ವಾಕರಿನ ಮೇಲೆ, ಇನ್ನೊಂದು ಕೈಯನ್ನು ಮಂಜನ ಭುಜದಿಂದ ಬಿಡಿಸಿಕೊಳ್ಳಲು ಒಂದಷ್ಟು ಹೊತ್ತು ಹಿಡಿಯಿತು. ಮೆಲ್ಲಗೆ ಒಂದು ಹೆಜ್ಜೆ, ಇನ್ನೊಂದು. ಕಿಟಕಿಯ ಹತ್ತಿರ ಹೋದಾಗ "ನೋಯ್ತದೆ, ನಿಲ್ಲಪ್ಪ" ಅಂದಳು. ಅವರು ನಿಂತರು. ಅಷ್ಟೇ! ಹೇಳಿದಳು, ಎದುರಿಗಿದ್ದವರು ನಿಂತರು. ಇಷ್ಟು ಸುಲಭದ ಕೆಲಸಕ್ಕೆ ಇಷ್ಟು ವರ್ಷ ಯಾಕೆ ಬೇಕಾಯಿತು?

ಡಿಸ್ಚಾರ್ಜಿಗೆ ಮುಂಚೆ ಜವರಮ್ಮ ನೋಡಲು ಬಂದಳು. ಬಸ್ಸಿನಲ್ಲಿ ಬಂದು, ವರಾಂಡದ ಗೋಡೆ ಹಿಡಿದುಕೊಂಡು, ಟಿಫಿನ್ ಕ್ಯಾರಿಯರಿನಲ್ಲಿ ಮುದ್ದೆ, ಸೊಪ್ಪಿನ ಸಾರು. ಬಾಗಿಲಲ್ಲಿ ನಿಂತು ಕ್ಯಾರಿಯರ್ ಎತ್ತಿ ತೋರಿಸಿದಳು. ಅತ್ತೆ ಅವಳ ಮುಖ ನೋಡಲಿಲ್ಲ, ಕಾಲು ನೋಡುತ್ತಿದ್ದಳು.

"ಯಾವ್ ಮಂಡಿ?" ಅಂದಳು.

ಜವರಮ್ಮ ನನಗೇನಾಗಿದೆ, ಗುಂಡುಕಲ್ಲಿನಂತೆ ಇದ್ದೀನಿ ಅಂದಳು. ನಮ್ಮ ಹೆಂಗಸರ ಬಾಯಿಗೆ ಬರುವ ಮೊದಲ ಉತ್ತರ ಅದು.

"ಸುಳ್ಳ್ ಯೋಳ್ಬ್ಯಾಡ ಕಣಮ್ಮಿ. ನಾನೂ ಇಷ್ಟ್ ದಿನ ಅದೇ ಯೋಳ್ತಿದ್ದೆ. ಬಾ, ಕುಂತ್ಕೊ."

ಜವರಮ್ಮ ಮಂಚದ ತುದಿಗೆ ಕೂತಳು. ಕ್ಯಾರಿಯರನ್ನು ಪಕ್ಕಕ್ಕಿಟ್ಟು, ಎರಡೂ ಅಂದಳು. ಎರಡೂ ಮಂಡಿ. ಅವತ್ತೇ ಮೂಳೆ ಡಾಕ್ಟರಿಗೆ ತೋರಿಸಿದೆವು. ಸದ್ಯಕ್ಕೆ ಕುಯ್ಯುವುದು ಬೇಡ, ಮಾತ್ರೆ, ವ್ಯಾಯಾಮ ಸಾಕು, ಭಾರ ಎತ್ತಬಾರದು ಅಂದರು.

ಈ ಹೊಸ ಜ್ಞಾನವನ್ನು ನನ್ನ ಮನೆಯಲ್ಲೂ ಪ್ರಯೋಗಿಸಿದೆ. ಮೊನ್ನೆ ನಮ್ಮವರು ಉಪ್ಪಿಟ್ಟು ನೋಡಿ ರೇಗಿದಾಗ ಪಕ್ಕದಲ್ಲಿ ಕೂತು, ಎಲ್ಲಿ ನೋಯುತ್ತಿದೆ ಅಂತ ಅಕ್ಕರೆಯಿಂದ ಕೇಳಿದೆ. ಎಲ್ಲೂ ಇಲ್ಲ, ಮೂರು ದಿನದಿಂದ ಉಪ್ಪಿಟ್ಟು ಅಂದರು. ಎಲ್ಲ ಸಿಡುಕಿಗೂ ಸೊಂಟವೇ ಕಾರಣವಲ್ಲ, ಒಪ್ಪಿಕೊಳ್ಳೋಣ. ಆದರೆ ಕೇಳದೆ ಹೇಗೆ ಗೊತ್ತಾಗುತ್ತಿತ್ತು ಹೇಳಿ?

ನಿನ್ನೆ ಬೆಳಗ್ಗೆ ಮಂಜ ಫೋನ್ ಮಾಡಿದ್ದ. ಅವ್ವ ಕೋಲು ಹಿಡಿದು ಡೈರಿಯ ತನಕ ಹೋಗಿ ಬಂದಳಂತೆ, ಕ್ಯಾನು ಇವನ ಕೈಯಲ್ಲಿ, ಮುಂದೆ ಅವಳು. ಖುಷಿಯಿಂದ ಹೇಳಿದವನು ಆಮೇಲೆ ದನಿ ತಗ್ಗಿಸಿದ. "ಆದ್ರೆ ನಲ್ಲಿ ತಾವ ಜಗಳ ಮಾತ್ರ ನಿಂತಿಲ್ಲ ಕಣಕ್ಕ." ಫೋನನ್ನು ಜಗಲಿಯ ಕಡೆ ಹಿಡಿದ. ಎರಡು ಗಂಟಲೂ ಮೊದಲಿನಷ್ಟೇ ಜೋರಾಗಿ ಕೇಳಿಸಿದವು.

"ಕೊಡ ಮುಟ್ಬ್ಯಾಡ ಅಂದ್ನಲ್ಲಾ, ಡಾಕ್ಟ್ರು ಯೋಳಿರಾದು ಮರ್ತೋಯ್ತಾ?"

"ನೀನ್ ಮದ್ಲು ಒಳೀಕ್ ಓಗು, ವಸ ಸೊಂಟ ಇಟ್ಕಂಡ್ ಬಂದವ್ಳೆ ಕೊಡ ಎತ್ತಕ್ಕೆ!"

ಈ ಜಗಳಕ್ಕೆ ಹಾಕುವಂಥ ತೂಬನ್ನು ಮಾತ್ರ ಯಾವ ಡಾಕ್ಟರೂ ಕಂಡುಹಿಡಿಯದಿರಲಿ.